ಕ್ಯಾಂಪರ್‌ನಲ್ಲಿ ವಿಲಿಯಮ್ಸ್‌ಬರ್ಗ್‌ಗೆ: ಹೊರಡುವ ಮೊದಲು, ತಲುಪಿದ ಮೇಲೆ

ಹಳೆಯ ಪಟ್ಟಣವೇ ಮ್ಯೂಸಿಯಂ ಆಗಿರುವ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ಗೆ ನ್ಯೂಜೆರ್ಸಿಯಿಂದ ಕಾರು ಹೋಗುವ ದಾರಿಯಲ್ಲಿ ಕ್ಯಾಂಪರ್, ಅಂದರೆ ಅಡುಗೆಮನೆ, ಹಾಸಿಗೆ, ಶೌಚ ಎಲ್ಲ ಇರುವ ಗಾಡಿ, ಹೋಗುವಂತಿಲ್ಲ. ಅಡುಗೆಗೆ, ಫ್ರಿಜ್‌ಗೆ ಇರುವ ಪ್ರೊಪೇನ್ ಸಿಲಿಂಡರೇ ಕಾರಣ. ಬಾಲ್ಟಿಮೋರ್ ಬಂದರಿನ ಎರಡೂ ಸುರಂಗಗಳಲ್ಲಿ 10 ಪೌಂಡ್ ಮೀರಿದ ಸಿಲಿಂಡರ್ ನಿಷಿದ್ಧ. ಬದಲಿ ದಾರಿಯಾಗಿದ್ದ ಕೀ ಸೇತುವೆ 2024ರ ಮಾರ್ಚ್‌ನಲ್ಲಿ ಕುಸಿಯಿತು. ಹಾಗಾಗಿ ಐ-695 ಹೆದ್ದಾರಿಯ ಪಶ್ಚಿಮ ಭಾಗ ಹಿಡಿದು ಊರನ್ನು ಸುತ್ತುಬಳಸಿ ಹೋಗಿ. ಕಾರಿಗೆಂದು ಮಾಡಿದ ಮ್ಯಾಪ್ ನೇರ ಸುರಂಗಕ್ಕೇ ಕರೆದೊಯ್ಯುತ್ತದೆ. ಮನೆಯಲ್ಲೇ ದಾರಿ ಗುರುತು ಹಾಕಿಕೊಳ್ಳಿ. ರಿಚ್ಮಂಡ್ ಬಳಿ ಐ-295, ಆಮೇಲೆ ಐ-64, ಇಳಿಯುವುದು 238ನೇ ಎಕ್ಸಿಟ್‌ನಲ್ಲಿ.

ಬಾಡಿಗೆ ಗಾಡಿ ತೆಗೆದುಕೊಳ್ಳುವಾಗ ಮೇಲಿನ ಎಸಿಯೂ ಸೇರಿ ಎತ್ತರವೆಷ್ಟೆಂದು ಕೇಳಿ, ಚೀಟಿ ಬರೆದು ಚಾಲಕನ ಎದುರೇ ಅಂಟಿಸಿ. ತಿರುವಿನಲ್ಲಿ ಗಾಡಿಯ ಹಿಂಭಾಗ ಎದುರು ದಿಕ್ಕಿಗೆ ಬೀಸುತ್ತದೆ. ಪೆಟ್ರೋಲ್ ಬಂಕ್‌ನ ಕಂಬಗಳಿಗೆ ತಾಗುವುದು ಹೀಗೆಯೇ.

ಕ್ಯಾಂಪ್‌ಗ್ರೌಂಡ್‌ನಲ್ಲಿ ಮೊದಲು ಗಾಡಿ ಸಮತಟ್ಟಾಗಿ ನಿಲ್ಲಲಿ. ಗ್ಯಾಸ್ ಫ್ರಿಜ್ ಓರೆಯಾದರೆ ತಂಪಾಗುವುದಿಲ್ಲ, ಹಾಗೆಯೇ ಬಿಟ್ಟರೆ ಕೆಟ್ಟೇಹೋಗುತ್ತದೆ. ಚಕ್ರಕ್ಕೆ ಅಡೆ ಕೊಡಿ. ಗಾಡಿಗೆ ಕರೆಂಟ್ ಕೊಡುವ ಅಲ್ಲಿನ ಕಂಬದ ಬ್ರೇಕರ್ ಆಫ್ ಮಾಡಿ ಪ್ಲಗ್ ಚುಚ್ಚಿ, ನಂತರ ಆನ್ ಮಾಡಿ. ನೀರಿನ ನಲ್ಲಿಗೆ ಪ್ರೆಶರ್ ರೆಗ್ಯುಲೇಟರ್ ಹಾಕದೆ ಪೈಪ್ ಜೋಡಿಸಬೇಡಿ. ಒತ್ತಡ ಹೆಚ್ಚಿದ್ದರೆ ಒಳಗಿನ ಜಾಯಿಂಟ್ ಬಿಡುತ್ತದೆ.

ಕಂಬದಿಂದ ಸಿಗುವ ಕರೆಂಟ್ 30 ಆಂಪಿಯರ್ ಆಗಿದ್ದರೆ, ಅಂದರೆ 3,600 ವಾಟ್, ಅಷ್ಟೇ. ಎಸಿ, ಮೈಕ್ರೋವೇವ್, ರೈಸ್ ಕುಕ್ಕರ್ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಅನ್ನವಾಗುವ ತನಕ ಎಸಿ ನಿಲ್ಲಿಸಿ. ಒಗ್ಗರಣೆಗೆ ಮೊದಲು ಛಾವಣಿಯ ಫ್ಯಾನ್ ಹಾಕಿ, ಇಲ್ಲದಿದ್ದರೆ ಹೊಗೆಯ ಅಲಾರಂ ಕೂಗುತ್ತದೆ. ಎಣ್ಣೆ ಪಾತ್ರೆಯನ್ನು ಕಾಗದದಲ್ಲಿ ಒರೆಸಿಯೇ ತೊಳೆಯಿರಿ. ಇಲ್ಲದಿದ್ದರೆ ಜಿಡ್ಡು ಕೊಳೆನೀರಿನ ಟ್ಯಾಂಕಿನ ಗೋಡೆಗೆ ಅಂಟಿ ವಾಸನೆ ಬರುತ್ತದೆ.

ಮ್ಯೂಸಿಯಂಗೆ ಹೋಗುವ ದಿನ ಗಾಡಿಯನ್ನು ವಿಸಿಟರ್ ಸೆಂಟರ್‌ನಲ್ಲೇ ಬಿಡಿ. 301 ಎಕರೆಯ ಹಳೆಯ ಪಟ್ಟಣವನ್ನು ನಡೆದೇ ನೋಡಬೇಕು. 1699ರಿಂದ 1780ರವರೆಗೆ ಇದು ವರ್ಜೀನಿಯಾದ ರಾಜಧಾನಿ. ಬೀದಿಗಳಿಗೆ ಟಿಕೆಟ್ ಬೇಡ. ಕಟ್ಟಡಗಳಿಗೂ ಕಸುಬಿನ ಅಂಗಡಿಗಳಿಗೂ ಬೇಕು. ಕಮ್ಮಾರಸಾಲೆ, ಪೀಪಾಯಿ ಮಾಡುವ ಜಾಗ, ಮುದ್ರಣಾಲಯಗಳಲ್ಲಿ ನಿಂತವರು ವರ್ಷಗಟ್ಟಲೆ ಕಲಿತ ನಿಜವಾದ ಕಸುಬುದಾರರು. ಮಕ್ಕಳು ಎಷ್ಟು ಕೇಳಿದರೂ ಹೇಳುತ್ತಾರೆ. ಮಕ್ಕಳನ್ನು ಓಡಿಸಿಕೊಂಡು ಹೋಗದೆ ಒಂದೊಂದು ಕಡೆ ಅರ್ಧ ಗಂಟೆ ಕೂರಿ. ಬ್ರೇ ಶಾಲೆಯನ್ನು ಮಾತ್ರ ಬಿಡಲೇಬೇಡಿ. 1760ರಿಂದ 1774ರವರೆಗೆ ಕಪ್ಪು ಮಕ್ಕಳಿಗೆ, ಬಹುಪಾಲು ಗುಲಾಮ ಮಕ್ಕಳಿಗೆ, ಓದು ಕಲಿಸಿದ ಶಾಲೆಯದು. ಅಂದು ಊರಿನ ಅರ್ಧದಷ್ಟು ಜನ ಕಪ್ಪು ಜನರು. ಗವರ್ನರ್ ಅರಮನೆಯ ವೈಭವವಷ್ಟೇ ನೋಡಿ ಬಂದರೆ ಆ ಊರನ್ನು ನೋಡಿದಂತಾಗುವುದಿಲ್ಲ.

ಮರುದಿನ ಹತ್ತಿರದ ಯಾರ್ಕ್‌ಟೌನ್. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ ಇಲ್ಲಿ ಸೋತ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು. ನಮ್ಮ ಮಕ್ಕಳಿಗೆ ಇದನ್ನು ಅಲ್ಲೇ ನಿಂತು ಹೇಳಿ.

ಶೌಚದ ಟ್ಯಾಂಕಿನ ವಾಲ್ವ್ ತಂಗಿದಷ್ಟು ದಿನವೂ ಮುಚ್ಚಿರಲಿ. ತೆರೆದಿಟ್ಟರೆ ನೀರು ಹರಿದುಹೋಗಿ ಮಲ ಗಟ್ಟಿಯಾಗಿ ಕೂರುತ್ತದೆ. ಹೊರಡುವಾಗ ಕೈಗವಸು ಹಾಕಿಕೊಂಡು ಮೊದಲು ಅದನ್ನು ಖಾಲಿ ಮಾಡಿ, ಬಳಿಕ ಸ್ನಾನ–ಪಾತ್ರೆಯ ನೀರು ಬಿಡಿ; ಆ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ. ಸಿಲಿಂಡರ್ ವಾಲ್ವ್ ಮುಚ್ಚಿಯೇ ಗಾಡಿ ಹೊರಡಿಸಿ.