ಮನೆಯಲ್ಲಿ ಫ್ಯಾಥಮ್ ಕೂರಿಸಿದ ಅನುಭವ

ಫ್ಯಾಥಮ್ ಮೂಲದಲ್ಲಿ ಅಮೆರಿಕದ ಬ್ಯಾಲಿ ಕಂಪನಿಯ ಪಿನ್‌ಬಾಲ್ ಮೆಷಿನ್, 1981ರದ್ದು. ಇಳಿಜಾರು ಹಲಗೆಯ ಮೇಲೆ ಓಡುವ ಚೆಂಡನ್ನು ಕೆಳಗೆ ಜಾರದಂತೆ ಹೊಡೆದು ಗುರಿ ಮುಟ್ಟಿಸುವ ಆಟದ ಪೆಟ್ಟಿಗೆ ಅದು. ಸಮುದ್ರದಾಳ, ಮತ್ಸ್ಯಕನ್ಯೆಯರು, ಅವರ ಕೈಗೆ ಸಿಕ್ಕ ಡೈವರ್‌ಗಳು. ಗ್ರೆಗ್ ಫ್ರೆರೆಸ್ ಬಿಡಿಸಿದ ಆ ಚಿತ್ರ ನೋಡಿಯೇ ನಾನು ಮರುಳಾಗಿದ್ದು. ಆದರೆ ಹಳೇ ಮೆಷಿನ್ ಅಂದರೆ ನಲವತ್ತು ವರ್ಷದ ವೈರಿಂಗ್. ಹಾಗಾಗಿ ಲೈಸೆನ್ಸ್ ಪಡೆದು ಇಲ್ಲೇ ಮೆಲ್ಬರ್ನ್‌ನಲ್ಲಿ ಹ್ಯಾಗಿಸ್ ಪಿನ್‌ಬಾಲ್‌ನವರು ಹೊಸದಾಗಿ ಮಾಡಿದ ಫ್ಯಾಥಮ್ ತಗೊಂಡೆ. ಮನೆಯ 230 ವೋಲ್ಟ್ ಪ್ಲಗ್‌ಗೆ ನೇರವಾಗಿ ಹಾಕಬಹುದು.

ಜೋಡಿಸೋದು ದೊಡ್ಡ ಕೆಲಸವಲ್ಲ. ಎತ್ತೋಕೆ ಇಬ್ಬರು ಬೇಕು, ಅಷ್ಟೆ. ನಿಜವಾದ ಕೆಲಸ ಮಟ್ಟ ಮಾಡುವುದು. ರಸಮಟ್ಟವನ್ನು ಗಾಜಿನ ಮೇಲಿಡಬೇಡಿ. ಗಾಜು ತೆಗೆದು, ಚೆಂಡು ಓಡುವ ಹಲಗೆಯ ಮೇಲೇ ಅಡ್ಡಲಾಗಿ ಇಡಿ. ಎಡಬಲ ಸರಿಯಾದ ಮೇಲೆ ಇಳಿಜಾರು ನೋಡಿ. ನಾನು 6.5 ಡಿಗ್ರಿಯಿಂದ ಶುರು ಮಾಡಿ, ಹಿಂದಿನ ಕಾಲುಗಳ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಆಡಿ ನೋಡಿದೆ. ಇಳಿಜಾರು ಕಮ್ಮಿಯಾದರೆ ಚೆಂಡು ತೇಲಿದಂತೆ ಬರುತ್ತದೆ, ಮಜಾ ಇಲ್ಲ. ಜಾಸ್ತಿಯಾದರೆ ಮೇಲಿನ ಗುರಿಗಳಿಗೆ ಹೊಡೆತ ಸೊರಗುತ್ತದೆ. ಟಿಲ್ಟ್ ಗುಂಡನ್ನು, ಅಂದರೆ ಮೆಷಿನ್ ಜೋರಾಗಿ ಅಲುಗಾಡಿಸಿದರೆ ಹಿಡಿದುಬಿಡುವ ತೂಗುಗುಂಡನ್ನು, ಕೊನೆಗೆ ಹೊಂದಿಸಿ. ಮೆಷಿನ್ನಿನ ಕಾಲು ಅಲುಗಿದರೆ ಅದರ ಲೆಕ್ಕವೂ ತಪ್ಪುತ್ತದೆ ಅಲ್ವಾ?

ಫ್ಯಾಥಮ್‌ನ ಜೀವ ಇರೋದು ಒಂದರ ಹಿಂದೆ ಒಂದು ನಿಂತ ಡ್ರಾಪ್ ಟಾರ್ಗೆಟ್‌ಗಳಲ್ಲಿ, ಅಂದರೆ ಚೆಂಡು ಬಡಿದರೆ ಹಲಗೆಯೊಳಗೆ ಇಳಿದುಬಿಡುವ ಗುರಿಗಳಲ್ಲಿ. ಮುಂದಿನದು ಬಿದ್ದರೇ ಹಿಂದಿನದಕ್ಕೆ ದಾರಿ. ಚೆಂಡು ಟಪ್ ಅಂತ ಬಡಿದರೂ ಟಾರ್ಗೆಟ್ ಹಿಂದಕ್ಕೆ ವಾಲಿ ಮತ್ತೆ ನೆಟ್ಟಗಾದರೆ ಸುಮ್ನೆ ಸಾಫ್ಟ್‌ವೇರ್ ಕೆದಕಬೇಡಿ. ಕರೆಂಟ್ ತೆಗೆದು ಹಲಗೆ ಎತ್ತಿ ಕೆಳಗೆ ನೋಡಿ. ಟಾರ್ಗೆಟ್‌ನ ಹಲ್ಲು ಕೂರುವ ಅಂಚಿನಲ್ಲಿ ಕೊಳೆ ಸೇರಿದೆಯಾ, ಸ್ಪ್ರಿಂಗ್ ಸಡಿಲಾಗಿದೆಯಾ ಅಂತ. ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಮಾತ್ರ ಬೇಡವೇ ಬೇಡ, ಧೂಳು ಅಂಟಿಕೊಂಡು ಇನ್ನೂ ಕೆಡುತ್ತದೆ.

ಇದರಲ್ಲಿ ಹಳೇ ನಿಯಮಗಳೂ ಇವೆ, ಹೊಸವೂ ಇವೆ. ನನ್ನ ಮಟ್ಟಿಗೆ ಹಳೆಯದೇ ಚೆಂದ. ಒಂದು ಚೆಂಡನ್ನು ಹಿಡಿದಿಟ್ಟು ಇನ್ನೊಂದಕ್ಕೆ ಹೊರಡುವಾಗಿನ ಎದೆಬಡಿತ ಅದರಲ್ಲಿ ಜಾಸ್ತಿ. ಮೂರೂ ಚೆಂಡು ಒಟ್ಟಿಗೆ ಬಿಟ್ಟುಕೊಂಡ ಮೇಲಂತೂ ಹಲಗೆಯ ಎರಡೂ ಅಂಚಿನಲ್ಲಿ ಚೆಂಡು ಜಾರಿ ಕಳೆದುಹೋಗುವ ಗಲ್ಲಿಗಳು ಯಾವುದನ್ನೂ ಬಿಡುವುದಿಲ್ಲ.

ಚೆಂಡುಗಳನ್ನು ಆಗಾಗ ಬೆರಳಲ್ಲಿ ಸವರಿ ನೋಡಿ. ಗೀರು ತಾಗಿದರೆ ಅವತ್ತೇ ಬದಲಾಯಿಸಿ. ಇಲ್ಲವಾದರೆ ಹಲಗೆಯ ಮೇಲಿನ ಚಿತ್ರವನ್ನು ಅದೇ ಉಜ್ಜಿ ತೆಗೆಯುತ್ತದೆ.