ತುಕ್ಕು ಹಿಡಿಯುವ ಬೇರಿಂಗಿಗೆ ಯಾವ ಲೇಪನ?

ಬೇರಿಂಗಿನ ಉಕ್ಕು ಬಹಳ ಗಟ್ಟಿ, ಆದರೆ ತುಕ್ಕಿನ ಎದುರು ದುರ್ಬಲ. ಸಾಮಾನ್ಯವಾಗಿ ಬಳಸುವ 52100 ಉಕ್ಕಿನಲ್ಲಿ ಕ್ರೋಮಿಯಂ ಇರುವುದು ಶೇ 1.5ರಷ್ಟು ಮಾತ್ರ, ಸ್ಟೇನ್‌ಲೆಸ್ ಎನಿಸಿಕೊಳ್ಳಲು ಕನಿಷ್ಠ ಶೇ 10.5 ಬೇಕು. ಉಪ್ಪುಗಾಳಿಯ ಕರಾವಳಿಯಲ್ಲಿ, ನೀರು ಚಿಮ್ಮುವ ಪಂಪುಗಳಲ್ಲಿ ಅದು ಬೇಗ ಕೆಡುವುದು ಇದಕ್ಕೇ. ಲೇಪನದಿಂದ ಬಾಳಿಕೆ ಹೆಚ್ಚಿಸಬಹುದು, ಕಾರಣ ತಿಳಿದು ಮಾಡಿಸಿದರೆ.

ಮೊದಲು ಕೆಟ್ಟ ಬೇರಿಂಗನ್ನು ಬಿಚ್ಚಿ ನೋಡಿ. ಗುಂಡುಗಳ ನಡುವಿನ ಅಂತರಕ್ಕೆ ಸರಿಯಾಗಿ ಕಪ್ಪು ಕಲೆಗಳಿದ್ದರೆ, ಯಂತ್ರ ನಿಂತಿದ್ದಾಗ ಒಳಗೆ ನೀರು ಸೇರಿದೆ. ಶಾಫ್ಟ್ ಕೂರುವ ಜಾಗದಲ್ಲಿ ಕೆಂಪು ಪುಡಿ ಇದ್ದರೆ ಹಿಡಿತ ಸಡಿಲವಾಗಿ ಉಜ್ಜಿದೆ; ಅಲ್ಲಿ ಲೇಪನಕ್ಕಿಂತ ಮೊದಲು ಶಾಫ್ಟಿನ ಅಳತೆ ಸರಿಪಡಿಸಬೇಕು. ಗುಂಡಿನ ಹಾದಿಯಲ್ಲಿ ಸಾಲುಸಾಲು ಗೆರೆ ಮೂಡಿದ್ದರೆ ಮೋಟಾರಿನ ವಿದ್ಯುತ್ ಬೇರಿಂಗಿನ ಮೂಲಕ ಹರಿದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಸೆರಾಮಿಕ್ ಪದರದ ನಿರೋಧಕ ಬೇರಿಂಗ್ ಬೇಕು.

ಆಮೇಲೆ ಲೇಪನ ಆರಿಸಿ. ಕಪ್ಪು ಆಕ್ಸೈಡ್ ಅಗ್ಗ: ಸುಮಾರು 140 ಡಿಗ್ರಿಯ ಕ್ಷಾರದ್ರಾವಣದಲ್ಲಿ ಮುಳುಗಿಸಿದಾಗ ಉಕ್ಕಿನ ಮೇಲ್ಮೈಯೇ 1–2 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಮ್ಯಾಗ್ನಟೈಟ್, ಅಂದರೆ ಕಪ್ಪು ಕಬ್ಬಿಣದ ಆಕ್ಸೈಡ್, ಆಗುತ್ತದೆ. ಗಾಳಿಯಂತ್ರಗಳ ಗೇರ್‌ಬಾಕ್ಸ್ ಬೇರಿಂಗುಗಳಿಗೆ ಇದನ್ನು ಹೆಚ್ಚಾಗಿ ಬಳಸುತ್ತಾರೆ. ಈ ಪದರ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಣ್ಣೆ ಇಲ್ಲದಿದ್ದರೆ ತುಕ್ಕನ್ನು ಅಷ್ಟೇನೂ ತಡೆಯುವುದಿಲ್ಲ. ಕಪ್ಪು ಬಣ್ಣ ಕಂಡೊಡನೆ ರಕ್ಷಣೆ ಸಿಕ್ಕಿತೆಂದು ನಂಬಬೇಡಿ. ಸತತ ತೇವವಿರುವಲ್ಲಿ ತೆಳು, ದಟ್ಟ ಕ್ರೋಮ್ ಲೇಪನ ಮೇಲು. ಎಣ್ಣೆ ಸಾಲದೆ ಗುಂಡುಗಳು ಜಾರಿ ಉಜ್ಜುವ ಕಡೆ, ಡಿಎಲ್‌ಸಿ ಎಂದು ಕರೆಯುವ ವಜ್ರದಂಥ ಇಂಗಾಲದ ಪದರ ಸವೆತ ತಡೆಯುತ್ತದೆ, ಆದರೆ ದುಬಾರಿ.

ಜೋಡಿಸಿದ ಬೇರಿಂಗನ್ನು ಪ್ಲೇಟಿಂಗ್ ಅಂಗಡಿಗೆ ಒಯ್ದು ಅದ್ದಿಸುವುದು ಖಂಡಿತ ಬೇಡ. 6205 ಎಂಬ ಅಳತೆಯ ಬೇರಿಂಗಿನಲ್ಲಿ ಗುಂಡು ಮತ್ತು ಹಾದಿಯ ನಡುವಿನ ಒಳ ಸಡಿಲಿಕೆ ಕೇವಲ 5ರಿಂದ 20 ಮೈಕ್ರಾನ್. ಹಾದಿ, ಗುಂಡು ಎರಡಕ್ಕೂ ಪದರ ಏರಿದರೆ ತಿರುಗಲು ಜಾಗವೇ ಉಳಿಯದು. ಆಮ್ಲ ತೊಳೆತ ಮತ್ತು ವಿದ್ಯುತ್ ಲೇಪನದಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು ಬಿರುಕು ಮೂಡಿಸಬಲ್ಲದು. ಲೇಪನದ ನಂತರ ಬಿಸಿಮಾಡಿ ಹೈಡ್ರೋಜನನ್ನು ಹೊರಹಾಕುತ್ತೀರಾ, ಶಾಖ ಉಕ್ಕಿನ ಟೆಂಪರಿಂಗ್ (ಗಟ್ಟಿಗೊಳಿಸಿದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸುವ) ಮಿತಿಯೊಳಗೇ ಇರುತ್ತದೆಯೇ ಎಂದು ಲೇಪನ ಮಾಡುವವರನ್ನು ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ತಯಾರಕರೇ ಲೇಪಿಸಿದ ಬೇರಿಂಗನ್ನು ಕೊಳ್ಳಿ.

ಕೂರಿಸುವ ಕ್ಷಣದವರೆಗೆ ಪೊಟ್ಟಣ ಒಡೆಯಬೇಡಿ, ಬರಿಗೈಯಿಂದ ಮುಟ್ಟಬೇಡಿ. ಬೆವರಿನ ಉಪ್ಪೂ ಕಲೆ ಮಾಡುತ್ತದೆ. ಬಿಸಿಮಾಡಿ ಕೂರಿಸುವುದಾದರೆ 110 ಡಿಗ್ರಿ ಸಾಕು, ನೇರ ಬೆಂಕಿ ಬೇಡ. ಪಂಪು ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಆಗಾಗ ಶಾಫ್ಟನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ. ಗುಂಡುಗಳು ಜಾಗ ಬದಲಿಸುತ್ತವೆ, ಗ್ರೀಸ್ ಮತ್ತೆ ಎಲ್ಲ ಕಡೆ ಹರಡುತ್ತದೆ.