ವಯಸ್ಸಾಯ್ತು ಅಂದುಕೊಂಡಿದ್ದರು, ಇದ್ದದ್ದು ನೋವು

ಸಕಲೇಶಪುರದ ಕಡೆಯ ಕಾಫಿ ತೋಟದಿಂದ 11 ವರ್ಷದ ಲ್ಯಾಬ್ರಡಾರ್ ಒಂದನ್ನು ಹಾಸನದ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಬಂದದ್ದು ಲಸಿಕೆಗೆ. "ಮೊದಲಿನ ಹಾಗೆ ಓಡಾಡಲ್ಲ ಡಾಕ್ಟ್ರೇ, ವಯಸ್ಸಾಯ್ತಲ್ಲ" ಅಂದರು ಮನೆಯ ಯಜಮಾನರು. ಜೀಪು ಹತ್ತುತ್ತಾ ಅಂತ ಕೇಳಿದೆ. ಇಲ್ಲ, ಈಗ ಎತ್ತಿ ಕೂರಿಸಬೇಕು. ಬೆಳಗ್ಗೆ ಏಳುವಾಗ ಹಿಂಗಾಲು ಎಳೆಯುತ್ತೆ, ಹತ್ತು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತೆ, ಮಳೆಗಾಲದಲ್ಲಿ ಜಾಸ್ತಿ. ಮೊಣಕಾಲಿನ ಹತ್ತಿರ ಒಂದೇ ಜಾಗವನ್ನು ನೆಕ್ಕಿ ನೆಕ್ಕಿ ಕೂದಲು ಕಂದು ತಿರುಗಿತ್ತು. ಸೊಂಟದ ಕೀಲನ್ನು ಮೆಲ್ಲಗೆ ಹಿಂದಕ್ಕೆ ಚಾಚಿದಾಗ ಅದು ಕೂಗಲಿಲ್ಲ, ತಿರುಗಿ ನನ್ನ ಕೈ ನೋಡಿ ತುಟಿ ನೆಕ್ಕಿಕೊಂಡಿತು. ನನಗೆ ಬೇಕಿದ್ದ ಉತ್ತರ ಅದೇ ಆಗಿತ್ತು.

ಎಕ್ಸ್‌ರೇಯಲ್ಲಿ ಕೀಲು ಸವೆದಿದ್ದು ಕಂಡಿತು. ರಕ್ತ ಪರೀಕ್ಷೆ ಮಾಡಿ ಕಿಡ್ನಿ, ಲಿವರ್ ಸರಿ ಇದೆ ಅಂತ ನೋಡಿಕೊಂಡೇ ನೋವು, ಊತ ಇಳಿಸುವ ಮೆಲಾಕ್ಸಿಕ್ಯಾಮ್ ಶುರು ಮಾಡಿದೆ. ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ 0.1, ಊಟದ ಜೊತೆ. ವಾಂತಿ ಆದರೆ, ಮಲ ಕಪ್ಪಾದರೆ ತಕ್ಷಣ ನಿಲ್ಲಿಸಿ ಫೋನ್ ಮಾಡಿ ಅಂದೆ. ಬೇರೆ ಕಡೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದೆಯಾ ಅಂತಲೂ ಕೇಳಿದೆ, ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗುವ ಅಪಾಯ ಇದೆ. ತೂಕ ಇಳಿಸಲು ಬಿಸ್ಕತ್ತು ಬಂದ್. ಸಿಮೆಂಟ್ ನೆಲದ ಮೇಲೆ ಎರಡು ಗೋಣಿಚೀಲ, ಅದರ ಮೇಲೊಂದು ಕಂಬಳಿ. ಹತ್ತು ದಿನಕ್ಕೆ ವಿಡಿಯೋ ಬಂತು, ಕೆಲಸದವರು ಬರುವ ಹೊತ್ತಿಗೆ ಅದು ತಾನೇ ಗೇಟಿನ ತನಕ ಇಳಿದು ಹೋಗುತ್ತಿತ್ತು.

ಬೆಕ್ಕುಗಳ ವಿಷಯದಲ್ಲಿ ನಾನು ತಡವಾಗಿ ಕಲಿತೆ. ಆಪರೇಷನ್ ಆದ ಬೆಕ್ಕು ಬೋನಿನ ಮೂಲೆಯಲ್ಲಿ ಸುಮ್ನೆ ಕೂತರೆ ಆರಾಮಾಗಿದೆ ಅಂದುಕೊಳ್ಳುತ್ತಿದ್ದೆ. ಅದು ನನ್ನ ತಪ್ಪು, ಆ ಬೆಕ್ಕುಗಳು ಇವತ್ತಿಗೂ ನೆನಪಾಗುತ್ತವೆ. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಕಿವಿ, ಕಣ್ಣು, ಮೂತಿಯ ಬಿಗಿತ, ಮೀಸೆ, ತಲೆ ಇಟ್ಟುಕೊಂಡ ರೀತಿ, ಒಂದೊಂದಕ್ಕೆ 0ಯಿಂದ 2 ಅಂಕ. ಒಟ್ಟು 10ರಲ್ಲಿ 4 ಬಂತೋ, ನೋವಿನ ಔಷಧಿ ಕೊಡಬೇಕು. ಈಗ ಮುಟ್ಟುವ ಮೊದಲು ದೂರ ನಿಂತು ಎರಡು ನಿಮಿಷ ಮುಖ ನೋಡುತ್ತೇನೆ. ನೋವಿನ ಇಂಜೆಕ್ಷನ್ನನ್ನೂ ಕತ್ತರಿ ಹಿಡಿಯುವ ಮೊದಲೇ ಕೊಡುತ್ತೇನೆ, ಎಚ್ಚರವಾಗಿ ನರಳುವವರೆಗೆ ಕಾಯುವುದಿಲ್ಲ.

ದಯವಿಟ್ಟು ಮನೆಯ ಮಾತ್ರೆ ಕೊಡಬೇಡಿ. ಅರ್ಧ ಪ್ಯಾರಾಸಿಟಮಾಲ್ ಸಾಕು ಬೆಕ್ಕನ್ನು ಕೊಲ್ಲಲು. ಅದರ ಲಿವರ್‌ಗೆ ಈ ಔಷಧಿಯನ್ನು ನಮ್ಮ ಹಾಗೆ ಕರಗಿಸಿ ಹೊರಹಾಕಲು ಆಗುವುದಿಲ್ಲ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ಮುಖ ಊದಿ, ಒಸಡು ಕಂದಾಗಿ ಉಸಿರಿಗೆ ಒದ್ದಾಡುವ ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ ತರುವವರು ಪ್ರೀತಿಯಿಂದಲೇ ಕೊಟ್ಟಿರುತ್ತಾರೆ. ಐಬುಪ್ರೊಫೆನ್, ಡೈಕ್ಲೋಫಿನಾಕ್ ನಾಯಿಗೂ ಬೇಡ.

ಕ್ಲಿನಿಕ್ಕಿನಲ್ಲಿ ಬೆಕ್ಕು ಹೆದರಿ ಕಲ್ಲಾಗಿ ಕೂರುತ್ತದೆ, ಕುಂಟುವುದನ್ನೂ ಮರೆಮಾಚುತ್ತದೆ. ಹಾಗಾಗಿ ಬರುವ ಮೊದಲು ಮನೆಯಲ್ಲೇ ಒಂದು ವಿಡಿಯೋ ಮಾಡಿಕೊಳ್ಳಿ. ಅಟ್ಟ ಹತ್ತುವಾಗ, ಕಿಟಕಿಯಿಂದ ಇಳಿಯುವಾಗ, ತಟ್ಟೆಯ ಮುಂದೆ ನಿಂತು ತಿನ್ನದೆ ವಾಪಸ್ ಹೋಗುವಾಗ.